ಅಮ್ಮ ದಡ್ಡಿ ಅಲ್ಲ, ಬಟನ್ ಸರಿ ಇಲ್ಲ

1/8
📷 ಅಮ್ಮನ ಹೊಲಿಗೆ ಮಷೀನ್, ಅದರ ಮೇಲೆ ಅವಳ ಫೋನ್

ಈ ಸಲ ರೀಲ್ ಇಲ್ಲ, ಓದೋದು ಇದೆ. ಒಟ್ಟು ಎಂಟು ಪೋಸ್ಟ್. ಟೈಮ್ ಇಲ್ಲದವರು ಸೇವ್ ಮಾಡ್ಕೊಳ್ಳಿ, ಬಸ್ಸಲ್ಲಿ ಕೂತು ಓದಿ.

ಹೋದ ಸೆಮಿಸ್ಟರ್, ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್‌ನ ಹಿಂದಿನ ರಾತ್ರಿ. ನಾನು ತುಮಕೂರಲ್ಲಿ ಹಾಸ್ಟೆಲ್‌ನಲ್ಲಿ. ಫೋನ್ ಸೈಲೆಂಟ್ ಮಾಡಿ ದಿಂಬಿನ ಕೆಳಗೆ ಇಟ್ಟಿದ್ದೆ. ಅಪ್ಪ ಅಮ್ಮ ತಿಪಟೂರಲ್ಲಿ. ಹತ್ತೂವರೆ ಹೊತ್ತಿಗೆ ಅಪ್ಪನಿಗೆ ಕಿಡ್ನಿ ಸ್ಟೋನ್ ನೋವು ಶುರುವಾಗಿದೆ. ಅಮ್ಮ ಆಟೋ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾಳೆ. ಕೌಂಟರ್‌ನಲ್ಲಿ ಐದು ಸಾವಿರ ಅಡ್ವಾನ್ಸ್ ಕಟ್ಟಿ ಅಂದಿದ್ದಾರೆ. ಪರ್ಸಲ್ಲಿ ಇದ್ದದ್ದು ಆರು ನೂರು. ಅಕೌಂಟಲ್ಲಿ ಇದ್ದದ್ದು 11,400. ಗೌರಿ ಹಬ್ಬಕ್ಕೆ ಹಗಲು ರಾತ್ರಿ ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡು, ಅವಳದ್ದೇ ದುಡ್ಡು.

ಕೌಂಟರ್ ಮೇಲೆ ಕ್ಯೂಆರ್ ಅಂಟಿಸಿದ್ರು. ಅಮ್ಮನ ಫೋನಲ್ಲಿ ಆ್ಯಪ್ ಇತ್ತು. ಪಿನ್ ಕೂಡ ಅವಳಿಗೆ ನೆನಪಿತ್ತು. ಆದ್ರೆ ಆ್ಯಪ್ ತೆರೆದ್ರೆ ಮೊದಲು ಒಂದು ಜಾಹೀರಾತು, ಅದರ ಮೇಲೆ ಅಪ್‌ಡೇಟ್ ಬಗ್ಗೆ ಇನ್ನೊಂದು ಪರದೆ, ಎಲ್ಲಾ ಇಂಗ್ಲಿಷ್. ಸ್ಕ್ಯಾನ್ ಮಾಡೋ ಬಟನ್ ಯಾವತ್ತೂ ಇರ್ತಿದ್ದ ಜಾಗದಲ್ಲಿ ಇರಲಿಲ್ಲ. ಹೇಗೋ ಹುಡುಕಿದ್ಲು. ಆ್ಯಪ್ ತೆರೆಯೋದಕ್ಕೆ ಒಂದು ಪಿನ್, ದುಡ್ಡು ಕಳಿಸೋದಕ್ಕೆ ಇನ್ನೊಂದು ಪಿನ್. ಆತುರದಲ್ಲಿ ಒಂದರ ಬದಲು ಇನ್ನೊಂದು ಒತ್ತಿದ್ಲು. ಮೂರು ಸಲ. ಪರದೆ ಕೆಂಪಾಯ್ತು, ಅಕೌಂಟ್ ಲಾಕ್ ಆಯ್ತು.

ನಂಗೆ ಒಂಬತ್ತು ಸಲ ಫೋನ್ ಮಾಡಿದ್ಲು. ನಾನು ಎತ್ತಲಿಲ್ಲ. ಕೊನೆಗೆ ಪಕ್ಕದ ಮನೆ ಆಂಟಿ ದುಡ್ಡು ತಂದುಕೊಟ್ರು. ಅಪ್ಪ ಈಗ ಚೆನ್ನಾಗಿದ್ದಾರೆ.

ಬೆಳಿಗ್ಗೆ ಅಮ್ಮ ನಂಗೆ ಬೈಯ್ಯಲಿಲ್ಲ. ಒಂದೇ ಮಾತು ಹೇಳಿದ್ಲು: "ನಂಗೆ ಇದೆಲ್ಲಾ ಬರಲ್ಲ ಕಣೇ, ನಾನೊಬ್ಳು ದಡ್ಡಿ."

ಆ ಮಾತು ಕೇಳಿದಾಗಿನಿಂದ ನಂಗೆ ಸಮಾಧಾನ ಇಲ್ಲ. ಅದಕ್ಕೇ ಈ ಸರಣಿ.

2/8
📷 ಬಾಬಿನ್ ಡಬ್ಬಿ, ಬಣ್ಣ ಬಣ್ಣದ ದಾರ

ಅಮ್ಮ ಇಪ್ಪತ್ತು ವರ್ಷದಿಂದ ಒಂದು ಮಷೀನ್ ಓಡಿಸ್ತಾಳೆ. ಫಾಲ್, ಪಿಕೋ, ಬ್ಲೌಸ್, ಸ್ಕೂಲ್ ಯೂನಿಫಾರ್ಮ್, ಏನು ಕೊಟ್ರೂ ಸರಿ. ಮಷೀನ್ ಸದ್ದು ಒಂಚೂರು ಬದಲಾದ್ರೆ ಸಾಕು, ಇನ್ನೊಂದು ರೂಮಿಂದಾನೇ "ದಾರ ಬಿಗಿ ಆಗಿದೆ" ಅಂತ ಹೇಳ್ತಾಳೆ. ಸೂಜಿ ಮುರಿದ್ರೆ, ಬೆಲ್ಟ್ ಸಡಿಲ ಆದ್ರೆ, ಅವಳೇ ರಿಪೇರಿ. ಎದೆ ಅಳತೆ, ತೋಳು ಅಳತೆ ನೋಡಿ ಎಷ್ಟು ಬಟ್ಟೆ ಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾಳೆ. ನಾನು ಕ್ಯಾಲ್ಕುಲೇಟರ್ ತೆಗೆಯೋಷ್ಟರಲ್ಲಿ ಉತ್ತರ ಬಂದಿರುತ್ತೆ.

ಇಂಥವಳಿಗೆ "ಮಷೀನ್ ಬರಲ್ಲ" ಅಂದ್ರೆ ನಂಬ್ತೀರಾ?

ಹಾಗಾದ್ರೆ ಫೋನ್ ಮಾತ್ರ ಯಾಕೆ ಬರಲ್ಲ? ಒಂದು ಕಾರಣ ನಾನೇ. ಅವಳು ಎಷ್ಟೋ ಸಲ "ಹೆಂಗೆ ಅಂತ ತೋರ್ಸು" ಅಂತ ಕೇಳಿದ್ಲು. ನಾನು ಪ್ರತಿ ಸಲ "ಕೊಡಮ್ಮ ಇಲ್ಲಿ, ನಾನೇ ಮಾಡ್ತೀನಿ" ಅಂತ ಫೋನ್ ಕಿತ್ಕೊಂಡೆ. ಹತ್ತು ಸೆಕೆಂಡಲ್ಲಿ ಮಾಡಿ ವಾಪಸ್ ಕೊಟ್ಟೆ. ಆ ಹತ್ತು ಸೆಕೆಂಡಲ್ಲಿ ಅವಳು ಕಲಿತದ್ದು ಒಂದೇ: ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ.

ನೀವೂ ಹೀಗೇ ಮಾಡಿದ್ದೀರಾ. ಸುಳ್ಳು ಹೇಳ್ಬೇಡಿ 😐

ಆದ್ರೆ ತಪ್ಪೆಲ್ಲಾ ನಮ್ಮದೇ ಅಂತ ಹೇಳೋಕೆ ನಾನು ಇದನ್ನ ಬರೀತಿಲ್ಲ. ಇನ್ನೊಂದು, ಇದಕ್ಕಿಂತ ದೊಡ್ಡ ಕಾರಣ ಇದೆ. ಅವತ್ತಿಂದ ಕಂಪ್ಯೂಟರ್ ಇತಿಹಾಸದ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದಿದೆ. ಓದಿ ಆದ್ಮೇಲೆ ನನ್ನ ಅಭಿಪ್ರಾಯ ಇಷ್ಟು: ಕಂಪ್ಯೂಟರ್ ಮುಂದುವರಿದದ್ದು ಸ್ಪೀಡ್ ಜಾಸ್ತಿ ಆಗಿದ್ದರಿಂದ ಮಾತ್ರ ಅಲ್ಲ. ಯಾರೋ ಒಬ್ಬರು "ನಂಗೆ ಇದು ಅರ್ಥ ಆಗ್ತಿಲ್ಲ" ಅಂದಾಗ, ಇನ್ನೊಬ್ಬರು ಆ ಮಾತನ್ನ ನಗದೆ ಕೇಳಿ, ಮನುಷ್ಯನ ಬದಲು ಮಷೀನನ್ನ ತಿದ್ದಿದಾಗೆಲ್ಲಾ ಅದು ಮುಂದುವರಿದಿದೆ.

ನಂಬಿಕೆ ಬರ್ತಿಲ್ವಾ? ಮುಂದಿನ ಪೋಸ್ಟ್‌ಗೆ ಬನ್ನಿ.

3/8
📷 ರಟ್ಟಿನ ತುಂಡಲ್ಲಿ ನಾನೇ ತೂತು ಮಾಡಿದ ಕಾರ್ಡ್

ಶುರುವಿನಲ್ಲಿ ಮಷೀನ್ ನಮ್ಮ ಹತ್ರ ಬರ್ತಿರಲಿಲ್ಲ, ನಾವೇ ಅದರ ಹತ್ರ ಹೋಗ್ಬೇಕಿತ್ತು.

ಅಮೆರಿಕದಲ್ಲಿ 1880ರ ಜನಗಣತಿಯ ಲೆಕ್ಕ ಮುಗಿಯೋಕೆ ಸುಮಾರು ಎಂಟು ವರ್ಷ ಹಿಡೀತು. 1890ರ ಗಣತಿಗೆ ಹರ್ಮನ್ ಹಾಲರಿತ್ ಅನ್ನೋರು ಒಂದು ಉಪಾಯ ಮಾಡಿದ್ರು. ಒಬ್ಬೊಬ್ಬ ಮನುಷ್ಯನಿಗೂ ಒಂದು ಕಾರ್ಡ್. ವಯಸ್ಸು, ಕೆಲಸ, ಊರು ಎಲ್ಲಾ ತೂತುಗಳ ರೂಪದಲ್ಲಿ. ಮಷೀನ್ ಆ ತೂತುಗಳನ್ನ ಎಣಿಸುತ್ತೆ. ಲೆಕ್ಕ ಬೇಗ ಮುಗೀತು. ಮುಂದೆ ಐಬಿಎಂ ಆದ ಕಂಪನಿಯ ಬೇರು ಇರೋದೂ ಇಲ್ಲೇ.

ಆ ಪಂಚ್ ಕಾರ್ಡ್ ಕಂಪ್ಯೂಟರ್ ಕಾಲದಲ್ಲೂ ದಶಕಗಳ ಕಾಲ ಉಳೀತು. ಕಾರ್ಡ್ ಮಡಚಬಾರದು, ಹರೀಬಾರದು ಅಂತ ಅದರ ಮೇಲೇ ಎಚ್ಚರಿಕೆ ಅಚ್ಚು ಹಾಕ್ತಿದ್ರು. ಕಾರ್ಡ್‌ಗಳ ಕಟ್ಟು ಕೈಜಾರಿ ಬಿದ್ರೆ ಕ್ರಮ ತಪ್ಪಿ ಪ್ರೋಗ್ರಾಮೇ ಕೆಟ್ಟುಹೋಗ್ತಿತ್ತು. ಅಂದ್ರೆ ಹುಷಾರಾಗಿ ನಡ್ಕೊಳ್ಳಬೇಕಾದ್ದು ಮನುಷ್ಯ.

ಇದನ್ನ ತಿರುಗಿಸಿದವರಲ್ಲಿ ಒಬ್ಬರು ಗ್ರೇಸ್ ಹಾಪರ್. ಗಣಿತದ ಪ್ರೊಫೆಸರ್ ಆಗಿದ್ದು, ಅಮೆರಿಕದ ನೌಕಾಪಡೆ ಸೇರಿದ ಹೆಂಗಸು. ಮನುಷ್ಯ ಬರೆದದ್ದನ್ನ ಮಷೀನಿನ ಅಂಕಿಗಳಿಗೆ ಮಷೀನೇ ಬದಲಾಯಿಸಿಕೊಳ್ಳಲಿ ಅನ್ನೋದು ಅವರ ವಾದ. 1952ರಲ್ಲಿ ಅಂಥ ಕೆಲಸ ಮಾಡೋ ಮೊದಲ ಕಂಪೈಲರ್‌ಗಳಲ್ಲಿ ಒಂದನ್ನ ಮಾಡಿದ್ರು. ಆಮೇಲೆ ಇನ್ನೂ ಮುಂದೆ ಹೋದ್ರು. ಆಫೀಸಲ್ಲಿ ಲೆಕ್ಕ ಬರೆಯೋ ಜನಕ್ಕೆ ಚಿಹ್ನೆಗಳ ಕಾಟ ಯಾಕೆ, ಅವರು ಮಾತಾಡೋ ಪದಗಳಲ್ಲೇ ಪ್ರೋಗ್ರಾಮ್ ಬರೀಲಿ ಅಂದ್ರು. "ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥ ಆಗಲ್ಲ" ಅಂತ ದೊಡ್ಡವರೆಲ್ಲಾ ತಳ್ಳಿಹಾಕಿದ್ರು.

ಈಗ ನಂಗೆ ತುಂಬಾ ಇಷ್ಟ ಆದ ಭಾಗ. 1978ರ ಒಂದು ಸಮ್ಮೇಳನದಲ್ಲಿ ಅವರೇ ಹೇಳಿದ್ದು. ಡೆಮೋ ತೋರಿಸುವಾಗ ಇಂಗ್ಲಿಷ್ ಪದಗಳಲ್ಲಿ ಬರೆದ ಚಿಕ್ಕ ಪ್ರೋಗ್ರಾಮನ್ನೇ ಫ್ರೆಂಚ್ ಪದ ಹಾಕಿ ಓಡಿಸಿದ್ರು, ಜರ್ಮನ್ ಪದ ಹಾಕಿಯೂ ಓಡಿಸಿದ್ರು. ಮಷೀನಿಗೆ ಯಾವ ಭಾಷೆಯ ಪದ ಆದ್ರೂ ಅದು ಬರೀ ಬಿಟ್‌ಗಳ ಸಾಲು, ಅಷ್ಟೇ. ಮ್ಯಾನೇಜರ್‌ಗಳು ಗಾಬರಿ ಬಿದ್ರು. ಅಮೆರಿಕದಲ್ಲಿ ತಯಾರಾದ ಮರ್ಯಾದಸ್ಥ ಕಂಪ್ಯೂಟರಿಗೆ ಫ್ರೆಂಚ್ ಅರ್ಥ ಆಗೋದು ಹೇಗೆ ಅಂತ!

ಹಾಪರ್ ಅವರ ಆ ಕೆಲಸದ ಮೇಲೇ 1959-60ರಲ್ಲಿ ಕೋಬಾಲ್ ಭಾಷೆ ಬೆಳೀತು. ಅದರ ಹೆಸರಲ್ಲೇ ಬಿಸಿನೆಸ್ ಅನ್ನೋ ಪದ ಇದೆ, ಅಂದ್ರೆ ನಮ್ಮ ಸಬ್ಜೆಕ್ಟೇ.

ಇದನ್ನ ನೆನಪಿಟ್ಕೊಳ್ಳಿ: ಭಾಷೆ ಮಷೀನಿನ ಸಮಸ್ಯೆ ಅಲ್ಲ. ಅದು ಮಷೀನ್ ಮಾಡೋರ ಇಷ್ಟಕ್ಕೆ ಬಿಟ್ಟಿದ್ದು.

4/8
📷 ಲ್ಯಾಬಿನ ಹಳೇ ಮೌಸ್

1968ರ ಡಿಸೆಂಬರ್ 9, ಸ್ಯಾನ್ ಫ್ರಾನ್ಸಿಸ್ಕೊ. ಡಗ್ಲಸ್ ಎಂಗೆಲ್‌ಬಾರ್ಟ್ ಅನ್ನೋ ಇಂಜಿನಿಯರ್ ವೇದಿಕೆ ಮೇಲೆ ಕೂತು ತೊಂಬತ್ತು ನಿಮಿಷ ಒಂದು ಡೆಮೋ ಕೊಟ್ರು. ಕೈಲಿ ಮೌಸ್. ಪರದೆ ಮೇಲೆ ತಿದ್ದಬಹುದಾದ ಬರಹ, ಒತ್ತಿದ್ರೆ ಬೇರೆ ಕಡೆ ಕರ್ಕೊಂಡು ಹೋಗೋ ಲಿಂಕ್, ದೂರದಲ್ಲಿದ್ದ ಜೊತೆಗಾರರ ಜೊತೆ ವಿಡಿಯೋ ಮಾತುಕತೆ. ಅವರ ಜೊತೆಗಾರ ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿದ ಮೊದಲ ಮೌಸ್ ಮರದ್ದು! ಕಮಾಂಡ್ ಬಾಯಿಪಾಠ ಮಾಡೋ ಬದಲು "ಇದು" ಅಂತ ಬೆರಳಿಟ್ಟು ತೋರಿಸೋ ಅವಕಾಶ ಸಿಕ್ಕಿತು. ಮಗು ಮೊದಲು ಕಲಿಯೋದೂ ಬೆರಳು ತೋರಿಸೋದನ್ನೇ ಅಲ್ವಾ?

ಆಮೇಲೆ ಜೆರಾಕ್ಸ್ ಕಂಪನಿಯ ಪಾರ್ಕ್ ಅನ್ನೋ ಸಂಶೋಧನಾ ಕೇಂದ್ರ. ಅಲ್ಲಿ ಲ್ಯಾರಿ ಟೆಸ್ಲರ್ ಅಂತ ಒಬ್ಬರಿದ್ರು. ನೀವು ದಿನಾ ಮಾಡೋ ಕಟ್, ಕಾಪಿ, ಪೇಸ್ಟ್ ಇದ್ಯಲ್ಲಾ, ಅದು ಅವರು ಜೊತೆಗಾರರ ಜೊತೆ ರೂಪಿಸಿದ್ದು. (ಅಸೈನ್‌ಮೆಂಟ್ ಬರೆಯೋರೆಲ್ಲಾ ಒಂದು ಸಲ ಕೈ ಮುಗೀರಿ 🙏) ಕಂಪ್ಯೂಟರ್ ಗೊತ್ತಿಲ್ಲದ ಜನರನ್ನ ಪರದೆ ಮುಂದೆ ಕೂರಿಸಿ, ಅವರು ಎಲ್ಲಿ ತಡವರಿಸ್ತಾರೆ ಅಂತ ಸುಮ್ಮನೆ ನೋಡೋದು ಅವರ ಅಭ್ಯಾಸ.

ಮುಂದೆ ಅವರು ಆ್ಯಪಲ್ ಸೇರಿದ್ರು. 1983ರಲ್ಲಿ ಬಂದ ಲೀಸಾ ಕಂಪ್ಯೂಟರ್ ಇನ್ನೂ ತಯಾರಾಗ್ತಿದ್ದಾಗಿನ ಒಂದು ಪ್ರಸಂಗವನ್ನ ಅಲ್ಲಿ ಕೆಲಸ ಮಾಡಿದವರು ಬರೆದಿಟ್ಟಿದ್ದಾರೆ. ಪರದೆಯಲ್ಲಿ ಎರಡು ಬಟನ್. ಒಂದು ಕ್ಯಾನ್ಸಲ್. ಇನ್ನೊಂದರ ಮೇಲೆ "ಡೂ ಇಟ್", ಅಂದ್ರೆ "ಮಾಡು". ಪರೀಕ್ಷೆಗೆ ಬಂದವರು ಡೂ ಇಟ್ ಒತ್ತಬೇಕಾದ ಕಡೆ ಕ್ಯಾನ್ಸಲ್ ಒತ್ತುತ್ತಿದ್ರು. ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಕೊನೆಗೆ ಒಬ್ಬರಿಗೆ ಸಿಟ್ಟೇ ಬಂತು: ನಾನೇನು ದಡ್ಡನಾ, ಈ ಸಾಫ್ಟ್‌ವೇರ್ ಯಾಕೆ ನನ್ನನ್ನ ಹಾಗೆ ಕರೀತಿದೆ ಅಂತ.

ಆಗಿದ್ದು ಏನು ಅಂದ್ರೆ, ಆ ಎರಡು ಪದಗಳ ನಡುವೆ ಜಾಗ ಕಮ್ಮಿ. ಇಂಗ್ಲಿಷಿನ ದೊಡ್ಡ ಐ ಅಕ್ಷರ ಅವರ ಕಣ್ಣಿಗೆ ಚಿಕ್ಕ ಎಲ್ ಥರ ಕಾಣಿಸಿದೆ. ಹಾಗೆ ಓದಿದ್ರೆ ಅದು "ಡೋಲ್ಟ್". ಅರ್ಥ: ದಡ್ಡ.

ಆ ಮನುಷ್ಯನಿಗೆ "ಸರಿಯಾಗಿ ಓದು" ಅಂತ ಯಾರೂ ಬೈಯ್ಯಲಿಲ್ಲ. ಬಟನ್ ಬದಲಾಯಿಸಿದ್ರು. "ಓಕೆ" ಅಂತ ಮಾಡಿದ್ರು.

ನಮ್ಮಮ್ಮನಿಗೂ ಅವತ್ತು ರಾತ್ರಿ ಒಂದು ಪರದೆ "ದಡ್ಡಿ" ಅಂತ ಹೇಳ್ತು. ವ್ಯತ್ಯಾಸ ಇಷ್ಟೇ. ಆ ಮನುಷ್ಯನಿಗೆ ಸಿಟ್ಟು ಬಂತು, ಅದನ್ನ ಕೇಳೋಕೆ ಎದುರಿಗೆ ಒಬ್ಬರು ಇದ್ರು. ಅಮ್ಮ ಅದನ್ನ ನಂಬಿಬಿಟ್ಲು.

5/8
📷 ನಮ್ಮೂರಿನ ಎಟಿಎಂ ಬಾಗಿಲು

"ಅದೆಲ್ಲಾ ಕಂಪ್ಯೂಟರ್ ಕಥೆ, ದುಡ್ಡಿನ ವಿಷಯದಲ್ಲಿ ಹಾಗೆ ಸಡಿಲ ಬಿಡೋಕಾಗಲ್ಲ" ಅಂತೀರಾ? ಸರಿ, ದುಡ್ಡಿನ ಕಥೆಗೇ ಬರೋಣ.

1967ರ ಜೂನ್ 27. ಲಂಡನ್ನಿನ ಎನ್‌ಫೀಲ್ಡ್ ಅನ್ನೋ ಕಡೆ ಬಾರ್ಕ್ಲೇಸ್ ಬ್ಯಾಂಕಿನ ಗೋಡೆಯಲ್ಲಿ ದುಡ್ಡು ಕೊಡೋ ಮಷೀನ್ ಶುರುವಾಯ್ತು. ಅದರ ಹಿಂದೆ ಇದ್ದವರು ಜಾನ್ ಶೆಫರ್ಡ್ ಬ್ಯಾರನ್. ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಶಿಲ್ಲಾಂಗ್‌ನಲ್ಲಿ! ಪಿನ್ ಎಷ್ಟು ಅಂಕಿ ಇರ್ಬೇಕು ಅನ್ನೋ ಪ್ರಶ್ನೆ ಬಂತಂತೆ. ಅವರಿಗೆ ತಮ್ಮ ಸೈನ್ಯದ ನಂಬರ್ ಬಾಯಿಗೆ ಬರ್ತಿತ್ತು, ಹಾಗಾಗಿ ಆರು ಅಂಕಿ ಇರ್ಲಿ ಅಂದ್ಕೊಂಡ್ರು. ಅಡುಗೆಮನೆಯಲ್ಲಿ ಹೆಂಡತಿ ಕ್ಯಾರೊಲಿನ್ ಹತ್ರ ಕೇಳಿದ್ರು. "ನಂಗೆ ನಾಲ್ಕು ಮಾತ್ರ ನೆನಪಿರುತ್ತೆ" ಅನ್ನೋ ಅರ್ಥದ ಉತ್ತರ ಬಂತು. ನಾಲ್ಕೇ ಇರ್ಲಿ ಅಂತ ಆಯ್ತು. ಇದು ಅವರೇ ಬಿಬಿಸಿಗೆ ಹೇಳಿದ್ದು.

ಪಿನ್ ಕಂಡುಹಿಡಿದದ್ದು ಯಾರು ಅನ್ನೋದಕ್ಕೆ ಬೇರೆ ಹಕ್ಕುದಾರರೂ ಇದ್ದಾರೆ. ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ 1966ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ರು. ನಂಗೆ ಮುಖ್ಯ ಅದಲ್ಲ. ಒಬ್ಬ ಮನುಷ್ಯ ಮನೆಯಲ್ಲಿ ಕೇಳಿದ, ಬಂದ ಉತ್ತರ ಚಿಕ್ಕದಾಗಿದ್ರೂ ಮಷೀನನ್ನೇ ಬದಲಾಯಿಸಿದ. "ನೀನು ಆರು ಅಂಕಿ ಕಲಿ" ಅನ್ನಲಿಲ್ಲ.

ಇನ್ನೊಂದು. ಮೊದಮೊದಲ ಎಷ್ಟೋ ಎಟಿಎಂಗಳು ದುಡ್ಡು ಮೊದಲು ಕೊಟ್ಟು, ಕಾರ್ಡ್ ಆಮೇಲೆ ಕೊಡ್ತಿದ್ವು. ಜನ ದುಡ್ಡು ಎಣಿಸ್ಕೊಂಡು ಹೊರಟೇ ಬಿಡ್ತಿದ್ರು, ಕಾರ್ಡ್ ಅಲ್ಲೇ. ಯಾಕಂದ್ರೆ ಬಂದ ಕೆಲಸ ಆಯ್ತು ಅಂತ ಮನಸ್ಸು ತೀರ್ಮಾನ ಮಾಡಿರುತ್ತೆ. ಇದಕ್ಕೆ "ಕಾರ್ಡ್ ಮರೀಬೇಡಿ" ಅಂತ ಬೋರ್ಡ್ ಹಾಕಬಹುದಿತ್ತು. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಕ್ರಮವನ್ನೇ ತಿರುಗಿಸಿದ್ದು: ಮೊದಲು ಕಾರ್ಡ್ ತಗೋ, ಆಮೇಲೆ ದುಡ್ಡು. ಜನ ಬದಲಾಗ್ಲಿಲ್ಲ, ಮರೆವೂ ಹೋಗ್ಲಿಲ್ಲ, ಆದ್ರೂ ಆ ತಪ್ಪು ಕಮ್ಮಿ ಆಯ್ತು.

ಡೊನಾಲ್ಡ್ ನಾರ್ಮನ್ ಅನ್ನೋ ಮನಶ್ಶಾಸ್ತ್ರದ ಪ್ರೊಫೆಸರ್ 1988ರಲ್ಲಿ ಇದರ ಬಗ್ಗೆ ಒಂದು ಪುಸ್ತಕಾನೇ ಬರೆದ್ರು. ಎಳೆಯೋ ಹಿಡಿ ಇಟ್ಟಿರ್ತಾರೆ, ಬಾಗಿಲು ಮಾತ್ರ ತಳ್ಳಿದ್ರೇ ತೆಗೆಯೋದು. ನಾವು ಎಳೆದು ಎಳೆದು ಪೆದ್ದರ ಥರ ನಿಲ್ತೀವಿ. ಹತ್ತು ಜನರಲ್ಲಿ ಎಂಟು ಜನ ಎಳೆದ್ರೆ ತಪ್ಪು ಎಂಟು ಜನರದ್ದಲ್ಲ, ಬಾಗಿಲಿನದ್ದು ಅನ್ನೋದು ಅವರ ವಾದದ ಸಾರ. ಆ ಥರದ ಬಾಗಿಲಿಗೆ ಈಗ "ನಾರ್ಮನ್ ಡೋರ್" ಅಂತಾನೇ ಹೆಸರು. ನಮ್ಮ ಕಾಲೇಜಲ್ಲೂ ಒಂದಿದೆ. ಯಾವುದು ಅಂತ ಕಾಮೆಂಟ್ ಮಾಡಿ, ನೋಡೋಣ 😄

6/8
📷 ನನ್ನ ಲೆಡ್ಜರ್ ಪುಸ್ತಕ, ಪಕ್ಕದಲ್ಲಿ ಲ್ಯಾಪ್‌ಟಾಪ್‌ನಲ್ಲಿ ಶೀಟ್

ಬಿಕಾಂನವರೇ, ಈ ಪೋಸ್ಟ್ ನಮಗೆ.

1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಲ್ಲಿ ಎಂಬಿಎ ಓದ್ತಿದ್ರು. ಮೇಷ್ಟ್ರು ಬೋರ್ಡ್ ಮೇಲೆ ಸಾಲು, ಕಾಲಂ ಹಾಕಿ ಒಂದು ಕಂಪನಿಯ ಲೆಕ್ಕ ಬರೀತಿದ್ರು. ಒಂದು ಅಂಕಿ ತಪ್ಪಾದ್ರೆ, ಅಥವಾ ಬದಲಾಯಿಸಬೇಕಾದ್ರೆ, ಅದರ ಮೇಲೆ ನಿಂತಿದ್ದ ಎಲ್ಲಾ ಅಂಕಿ ಅಳಿಸಿ ಮತ್ತೆ ಬರೀಬೇಕು. ನಮಗೆ ಗೊತ್ತಿರೋ ದೃಶ್ಯಾನೇ ಅಲ್ವಾ? ಬಡ್ಜೆಟರಿ ಕಂಟ್ರೋಲ್ ಲೆಕ್ಕದಲ್ಲಿ ಮೊದಲ ಸಾಲೇ ತಪ್ಪು ಅಂತ ಕೊನೇ ಬೆಂಚಿಂದ ಯಾರೋ ಹೇಳಿದಾಗ ಇಡೀ ಕ್ಲಾಸ್ "ಅಯ್ಯೋ" ಅನ್ನುತ್ತಲ್ಲಾ, ಅದು.

ನಾವು ಅಯ್ಯೋ ಅಂದು ಸುಮ್ಮನಾಗ್ತೀವಿ. ಬ್ರಿಕ್ಲಿನ್ ಸುಮ್ಮನಾಗ್ಲಿಲ್ಲ. ಒಂದು ಅಂಕಿ ಬದಲಾಯಿಸಿದ್ರೆ ಉಳಿದದ್ದೆಲ್ಲಾ ತಾನೇ ಬದಲಾಗೋ ಬೋರ್ಡ್ ಇದ್ರೆ ಹೇಗೆ ಅಂತ ಯೋಚಿಸಿದ್ರು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಪ್ರೋಗ್ರಾಮ್ ಬರೆದ್ರು. 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಬಂತು. ಆಮೇಲೆ ಲೋಟಸ್ 1-2-3, ಆಮೇಲೆ ಎಕ್ಸೆಲ್. ಬರೀ ಈ ಪ್ರೋಗ್ರಾಮ್‌ಗೋಸ್ಕರ ಕಂಪ್ಯೂಟರ್ ಕೊಂಡ್ಕೊಂಡ ಅಕೌಂಟೆಂಟ್‌ಗಳು ಇದ್ರು.

ಇದು ಯಾಕೆ ಗೆದ್ದಿತು ಅಂದ್ರೆ, ಅಕೌಂಟೆಂಟ್‌ಗೆ ಪ್ರೋಗ್ರಾಮಿಂಗ್ ಕಲಿ ಅಂತ ಅದು ಹೇಳಲಿಲ್ಲ. ಅವನ ಮೇಜಿನ ಮೇಲೆ ಮೊದಲೇ ಇದ್ದ ಕಾಗದವನ್ನ, ಸಾಲು ಕಾಲಂ ಸಮೇತ, ಪರದೆ ಮೇಲೆ ತಂದಿಟ್ಟಿತು. ಅಂದ್ರೆ ಲೆಡ್ಜರ್ ಹೇಗಿರುತ್ತೆ ಅಂತ ಕಲಿತದ್ದು ಕಂಪ್ಯೂಟರ್.

ಹಾಗಾಗಿ ಎಕ್ಸೆಲ್ ನಮಗೆ ಬೇಗ ಬಂದ್ರೆ ಅದು ನಾವು ಬುದ್ಧಿವಂತರು ಅನ್ನೋದಕ್ಕೆ ಮಾತ್ರ ಅಲ್ಲ. ಅದು ನಮ್ಮಂಥವರನ್ನ ಮನಸ್ಸಲ್ಲಿಟ್ಟು ಮಾಡಿದ್ದು. ಅಮ್ಮನ ಆ್ಯಪ್ ಅಮ್ಮನಂಥವರನ್ನ ಮನಸ್ಸಲ್ಲಿಟ್ಟು ಮಾಡಿದ್ದಲ್ಲ. ಈ ವ್ಯತ್ಯಾಸವನ್ನ ನಾವು ಬುದ್ಧಿಯ ವ್ಯತ್ಯಾಸ ಅಂದ್ಕೊಂಡು ಓಡಾಡ್ತಿದ್ದೀವಿ.

7/8
📷 ಅಮ್ಮನ ಫೋನಿನ ಪರದೆ (ಅಕೌಂಟ್ ನಂಬರ್ ಮುಚ್ಚಿದ್ದೀನಿ)

"ಆ್ಯಪಲ್ಲಿ ಕನ್ನಡ ಇದೆ ಕಣೇ, ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸು" ಅಂತ ಗೆಳತಿ ಒಬ್ಳು ಹೇಳಿದ್ಲು. ಬದಲಾಯಿಸಿದೆ. ನಾಲ್ಕು ಪರದೆ ಒಳಗೆ ಇತ್ತು ಆ ಆಯ್ಕೆ, ಅದಕ್ಕೆ ದಾರಿ ಪೂರ್ತಿ ಇಂಗ್ಲಿಷಲ್ಲಿ. ಆಮೇಲೆ ಅಮ್ಮನಿಗೆ ಫೋನ್ ಕೊಟ್ಟೆ. ಐದು ನಿಮಿಷ ಬಿಟ್ಟು ಒಂದು ಸಂದೇಶ ಬಂತು: "ನಿಮ್ಮ ಅಧಿವೇಶನ ಮುಕ್ತಾಯಗೊಂಡಿದೆ."

ಅಮ್ಮ ಕೇಳಿದ್ಲು: "ಯಾವ ಅಧಿವೇಶನ? ಬೆಳಗಾವಿದಾ?"

ನಕ್ಕು ನಕ್ಕು ಸಾಕಾಯ್ತು. ಆಮೇಲೆ ಬೇಜಾರಾಯ್ತು. "ತುಂಬಾ ಹೊತ್ತಾಯ್ತು, ಮತ್ತೆ ಲಾಗಿನ್ ಆಗಿ" ಅಂತ ಬರೆಯೋಕೆ ಏನು ಕಷ್ಟ? ಯಾರೋ ಇಂಗ್ಲಿಷ್ ಪದದ ಪಕ್ಕ ಡಿಕ್ಷನರಿ ಪದ ಇಟ್ಟು ಕೆಲಸ ಮುಗಿಸಿದ್ದಾರೆ. ತಿಪಟೂರಿನ ಒಬ್ಬ ಹೆಂಗಸಿಗೆ ಒಂದು ಸಲ ತೋರಿಸಿದ್ರೂ ಅವತ್ತೇ ಸಿಕ್ಕಿಬೀಳೋ ತಪ್ಪು ಇದು.

ಕನ್ನಡದಲ್ಲಿ ಇಂಥದ್ದು ಮಾಡೋಕೆ ಆಗಲ್ಲ ಅಂತಲ್ಲ. ಮಾಡಿದವರು ನಮ್ಮಲ್ಲೇ ಇದ್ದಾರೆ. ಕನ್ನಡ ಟೈಪ್‌ರೈಟರ್‌ನಲ್ಲಿ ಅಕ್ಷರದ ತುಂಡುಗಳನ್ನ ಜೋಡಿಸಬೇಕಿತ್ತು. ಇಳಿ, ಕೊಂಬು, ಒತ್ತು ಯಾವ ಕೀಲಿ ಇದೆ ಅಂತ ಬೆರಳು ನೆನಪಿಡಬೇಕಿತ್ತು. ಕೆ. ಪಿ. ರಾವ್ ಅವರು ಇದನ್ನ ಬೇರೆ ಥರ ನೋಡಿದ್ರು. ಕನ್ನಡ ಬಲ್ಲವರಿಗೆ ಅಕ್ಷರ ಅಂದ್ರೆ ಉಚ್ಚಾರ. ಕ ಒತ್ತಿ ಇ ಒತ್ತಿದ್ರೆ ಕಿ ಬರ್ಲಿ, ಆಕಾರ ಜೋಡಿಸೋ ತಲೆನೋವು ಕಂಪ್ಯೂಟರಿಗೆ ಇರ್ಲಿ. ಇಂಗ್ಲಿಷಿನ ಮಾಮೂಲಿ ಕೀಬೋರ್ಡಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಕೂತುಬಿಡ್ತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರೋದು ಆ ವಿನ್ಯಾಸಾನೇ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಯಾರೂ ಕನ್ನಡವನ್ನ ಕತ್ತರಿಸಿ ಮಷೀನಿಗೆ ಹೊಂದಿಸಲಿಲ್ಲ. ಮಷೀನಿಗೆ ಕನ್ನಡ ಕಲಿಸಿದ್ರು.

ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಅನ್ನೋ ಕಂಪನಿಯವರು ಸೇರಿ ಸಿಂಪ್ಯೂಟರ್ ಅಂತ ಕೈಯಲ್ಲಿ ಹಿಡಿಯೋ ಕಂಪ್ಯೂಟರ್ ಮಾಡಿದ್ರು, ಅದಕ್ಕಾಗಿ 1999ರಲ್ಲಿ ಒಂದು ಟ್ರಸ್ಟ್ ಕೂಡ ಕಟ್ಟಿದ್ರು. ಓದು ಬರಹ ಬರದವರಿಗೂ ಉಪಯೋಗ ಆಗ್ಲಿ ಅಂತ ಭಾರತದ ಭಾಷೆಗಳಲ್ಲಿ ಓದಿ ಹೇಳೋ ವ್ಯವಸ್ಥೆ, ಊರಿನವರು ಒಂದೇ ಯಂತ್ರ ಹಂಚ್ಕೊಳ್ಳಲಿ ಅಂತ ಸ್ಮಾರ್ಟ್ ಕಾರ್ಡ್. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ನಿಜ. ಆದ್ರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು: ಓದೋಕೆ ಬರದವರಿಗೆ ಕಂಪ್ಯೂಟರ್ ಹೇಗಿರ್ಬೇಕು?

ಈಗ ಸಂತೆಗೆ ಹೋಗಿ ನೋಡಿ. ಸೊಪ್ಪು ಮಾರೋ ಅಜ್ಜಿ ಪಕ್ಕದಲ್ಲಿ ಚಿಕ್ಕ ಡಬ್ಬಿ. ದುಡ್ಡು ಬಂದ ತಕ್ಷಣ ಎಷ್ಟು ಅಂತ ಕನ್ನಡದಲ್ಲಿ ಕೂಗುತ್ತೆ. ಅಜ್ಜಿ ಫೋನ್ ನೋಡೋದಿಲ್ಲ, ಕೈಯ್ಯಲ್ಲಿ ನೀರು, ಕಟ್ಟು ಬಿಚ್ಚುತ್ತಾನೇ ಕೇಳಿಸ್ಕೊಳ್ತಾರೆ. ಅಜ್ಜಿ ಏನೂ ಹೊಸದು ಕಲೀಲಿಲ್ಲ. ಅಜ್ಜಿಯ ಕೆಲಸ ಹೇಗೆ ನಡೆಯುತ್ತೆ ಅಂತ ಡಬ್ಬಿ ಕಲೀತು.

ದುಡ್ಡು ತಗೊಳ್ಳೋದು ಇಷ್ಟು ಸುಲಭ ಮಾಡೋಕೆ ಆಗೋದಾದ್ರೆ, ಕೊಡೋದನ್ನ ಯಾಕೆ ಆಗಲ್ಲ?

8/8
📷 ಅಮ್ಮನ ಅಳತೆ ಪುಸ್ತಕದ ಕೊನೇ ಪುಟ

ನೀವು ಕೇಳಬಹುದಾದ ಎರಡು ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ.

ಒಂದು: "ಸೆಕ್ಯುರಿಟಿಗೋಸ್ಕರ ಸ್ವಲ್ಪ ಕಷ್ಟ ಇರಲೇಬೇಕು." ಒಪ್ಪಿದೆ. ಮೂರು ಸಲ ತಪ್ಪಿದ್ರೆ ಲಾಕ್ ಆಗ್ಬೇಕು, ಇಲ್ಲಾಂದ್ರೆ ಕಳ್ಳನಿಗೂ ಸುಲಭ. ಆದ್ರೆ ಭದ್ರ ಆಗಿರೋದು ಬೇರೆ, ಗೊಂದಲ ಆಗಿರೋದು ಬೇರೆ. ಈಗ ಕೇಳ್ತಿರೋದು ಯಾವ ಪಿನ್ ಅಂತ ದೊಡ್ಡದಾಗಿ, ಕನ್ನಡದಲ್ಲಿ ಹೇಳಿದ್ರೆ ಭದ್ರತೆ ಏನೂ ಕಮ್ಮಿ ಆಗಲ್ಲ. ಇನ್ನೂ ಹೇಳಬೇಕು ಅಂದ್ರೆ, ಏನೂ ಅರ್ಥ ಆಗದೆ ಗಾಬರಿ ಬಿದ್ದವರೇ ಫೋನಲ್ಲಿ ಯಾರೋ "ಮೇಡಂ, ನಾನು ಸಹಾಯ ಮಾಡ್ತೀನಿ" ಅಂದ್ರೆ ಓಟಿಪಿ ಹೇಳಿಬಿಡೋದು.

ಎರಡು: "ಅವರೂ ಸ್ವಲ್ಪ ಕಲೀಬೇಕಲ್ವಾ?" ಖಂಡಿತ ಕಲೀಬೇಕು. ಹೊಲಿಗೆ ಮಷೀನನ್ನೂ ಅಮ್ಮ ಹುಟ್ಟುವಾಗಲೇ ಕಲಿತು ಬಂದಿರಲಿಲ್ಲ. ತಿಂಗಳುಗಟ್ಟಲೆ ಕೂತು ಕಲಿತ್ಲು, ಬೆರಳಿಗೆ ಸೂಜಿ ಚುಚ್ಚಿಸ್ಕೊಂಡ್ಲು. ಆದ್ರೆ ಇಪ್ಪತ್ತು ವರ್ಷದಲ್ಲಿ ಆ ಮಷೀನ್ ಒಂದು ರಾತ್ರೀಲಿ ಪೆಡಲ್ ತೆಗೆದು ಮೇಲೆ ಇಟ್ಕೊಳ್ಳಲಿಲ್ಲ. ಕಲಿತದ್ದು ಕೈಯಲ್ಲಿ ಉಳೀತು. ಫೋನ್ ಹಾಗಲ್ಲ, ಕಲಿತದ್ದನ್ನ ಪ್ರತಿ ಅಪ್‌ಡೇಟ್‌ನಲ್ಲೂ ವಾಪಸ್ ಕಿತ್ಕೊಳ್ಳುತ್ತೆ.

ಹಾಗಾದ್ರೆ ನಾವು ಏನು ಮಾಡೋಣ? ನಾವು ಇಂಜಿನಿಯರ್‌ಗಳಲ್ಲ, ಆದ್ರೂ ಮೂರು ಕೆಲಸ ನಮ್ಮ ಕೈಲಿದೆ.

ಮೊದಲನೆಯದು, ಫೋನ್ ಕಿತ್ಕೋಬೇಡಿ. ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಬಟನ್ ಅವರೇ ಒತ್ತಲಿ. ಹತ್ತು ಸೆಕೆಂಡಿನ ಕೆಲಸ ಹತ್ತು ನಿಮಿಷ ಆಗುತ್ತೆ, ಆಗ್ಲಿ. ನಮಗೆ ಅಕ್ಷರ ತಿದ್ದಿಸುವಾಗ ಅವರು ಗಡಿಯಾರ ನೋಡಲಿಲ್ಲ.

ಎರಡನೆಯದು, ಅವರ ಬೆರಳು ಎಲ್ಲಿ ನಿಲ್ಲುತ್ತೆ ನೋಡಿ. ಟೆಸ್ಲರ್ ಮಾಡಿದ್ದೂ ಅದೇ. ಬೆರಳು ನಿಂತ ಜಾಗದಲ್ಲೇ ತಪ್ಪು ಇದೆ. ಅದನ್ನ ಸ್ಕ್ರೀನ್‌ಶಾಟ್ ತೆಗೆದು ಆ್ಯಪಿನ ದೂರಿನ ಜಾಗದಲ್ಲಿ, ರಿವ್ಯೂನಲ್ಲಿ, ಕನ್ನಡದಲ್ಲೇ ಬರೀರಿ. ನಾನು ಬರೆದಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ಒಬ್ಬಳು ಬರೆದ್ರೆ ಬರಲ್ಲ, ನಮ್ಮ ಕ್ಲಾಸಿನ ಅರವತ್ತು ಜನ ಬರೆದ್ರೆ?

ಮೂರನೆಯದು ಮುಂದಿನ ಮಾತು. ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಬ್ಯಾಂಕ್ ಕೌಂಟರಿನ ಆ ಕಡೆ ಕೂತಿರ್ತೀವಿ, ಕೆಲವರು ಆಡಿಟ್ ಆಫೀಸಲ್ಲಿ, ಕೆಲವರು ಇಂಥ ಆ್ಯಪ್ ಕಂಪನಿಗಳಲ್ಲೇ. ಅವತ್ತು ಯಾರೋ ಅಮ್ಮ ಬಂದು "ನಂಗೆ ಬರಲ್ಲಪ್ಪ" ಅಂದಾಗ ಮುಖ ಸಿಂಡರಿಸಬೇಡಿ. ಅವರು ಪುಕ್ಕಟೆಯಾಗಿ ನಿಮ್ಮ ವ್ಯವಸ್ಥೆಯ ಆಡಿಟ್ ಮಾಡಿಕೊಡ್ತಿದ್ದಾರೆ. ಬರ್ಕೊಳ್ಳಿ.

ಕೊನೆಗೆ ಈ ಫೋಟೋ ವಿಷಯ. ನಾನು ರಜೆಗೆ ಬಂದಾಗ ನಾಲ್ಕು ದಿನ ಪಕ್ಕದಲ್ಲಿ ಕೂತೆ. ಅಮ್ಮ ಬ್ಲೌಸ್ ಅಳತೆ ಬರೆಯೋ ಪುಸ್ತಕದ ಕೊನೇ ಪುಟದಲ್ಲಿ ಎಲ್ಲಾ ಬರ್ಕೊಂಡ್ಲು. "ಕೆಳಗೆ ನೀಲಿ ಬಟನ್. ಮೊದಲು ನಾಲ್ಕು ನಂಬರ್. ದುಡ್ಡಿಗೆ ಆರು ನಂಬರ್." ಕರೆಂಟ್ ಬಿಲ್ ಅವಳೇ ಕಟ್ಟಿದ್ಲು. ಪಕ್ಕದ ಮನೆ ಆಂಟಿಗೆ ಐದು ಸಾವಿರ ಅವಳೇ ವಾಪಸ್ ಕಳಿಸಿದ್ಲು, ನನ್ನನ್ನ ಅಡುಗೆಮನೆಗೆ ಕಳಿಸಿ, ಒಬ್ಬಳೇ ಕೂತು.

ಮೊನ್ನೆ ಮತ್ತೆ ಅಪ್‌ಡೇಟ್ ಬಂದಿದೆ. ನೀಲಿ ಬಟನ್ ಈಗ ಹಸಿರು, ಅದೂ ಮೇಲ್ಗಡೆ. ಬೆಳಿಗ್ಗೆನೇ ಫೋನ್. ನಾನು ಕ್ಲಾಸಿಂದ ಹೊರಗೆ ಬಂದು ಎತ್ತಿದೆ. "ನಂಗೆ ಬರಲ್ಲ" ಅಂತಾಳೆ ಅಂದ್ಕೊಂಡಿದ್ದೆ.

"ನೋಡೇ, ಇವ್ರು ಮತ್ತೆ ಬಟನ್ ಜಾಗ ಬದಲಾಯ್ಸಿದ್ದಾರೆ. ತಲೆ ಸರಿ ಇದ್ಯಾ ಇವ್ರಿಗೆ?" ಅಂದ್ಲು.

ಅಮ್ಮನ ಬಾಯಲ್ಲಿ ಆ ಸಿಟ್ಟು ಕೇಳಿ ನಂಗೆ ಆದ ಖುಷಿ ಅಷ್ಟಿಷ್ಟಲ್ಲ.

ನಿಮ್ಮ ಮನೇಲಿ ಯಾರ ಬೆರಳು ಯಾವ ಬಟನ್ ಹತ್ರ ನಿಲ್ಲುತ್ತೆ? ಕಾಮೆಂಟ್‌ನಲ್ಲಿ ಬರೀರಿ. ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡೋಣ, ಕಳಿಸೋ ಕೆಲಸ ನಂದು.

#ಅಮ್ಮದಡ್ಡಿಅಲ್ಲ #ಬಟನ್‌ಸರಿಇಲ್ಲ #ಫೋನ್‌ಕಿತ್ಕೋಬೇಡಿ #ಕನ್ನಡ #ಬಿಕಾಂಡೈರಿ